ಕಣ್ಮುಚ್ಚಿದ್ರೆ ಗೃಹಪ್ರವೇಶ, ಕಣ್ಬಿಟ್ರೆ ಸೀದ ಹಾಲು

"ಗುರಿ ಮುಟ್ತೀನಿ ಅನ್ಬೇಡಿ, ಮುಟ್ಟಿಯಾಗಿದೆ ಅನ್ಕೊಳ್ಳಿ" ಅನ್ನೋದು ನಮ್ಮೆಜಮಾನ್ರ ಆಫೀಸಿನೋರು ಒಂದು ಶನಿವಾರ ಜೂಮಲ್ಲಿ ಮಾಡ್ಸಿದ ವರ್ಕ್‌ಶಾಪಿನ ಒಟ್ಟು ಸಾರಾಂಶ. ಅವತ್ತಿಂದ ಈ ಮನುಷ್ಯನ ಬಾಯಲ್ಲಿ ಭವಿಷ್ಯತ್ಕಾಲವೇ ಇಲ್ಲ. "ರೀ ಗ್ಯಾಸ್ ಬುಕ್ ಮಾಡಿದ್ರಾ" ಅಂದ್ರೆ "ಸಿಲಿಂಡರ್ ಬಂದಿದೆ ಅಂತ ಫೀಲ್ ಮಾಡು" ಅಂತಾರೆ. ಫೀಲ್ ಮಾಡಿದೆ, ರಾತ್ರಿ ಚಪಾತಿ ಬದ್ಲು ಬಾಳೆಹಣ್ಣು ತಿಂದ್ವಿ.

ಇದಕ್ಕೆ ಕ್ರಿಯೇಟಿವ್ ವಿಶುವಲೈಸೇಶನ್ ಅಂತ ಹೆಸ್ರು. ಹೊಸದೇನಲ್ಲ, ಅಮೆರಿಕದ ಶಕ್ತಿ ಗವೇನ್ ಅನ್ನೋರು 1978ರಲ್ಲೇ ಇದೇ ಹೆಸರಲ್ಲಿ ಪುಸ್ತಕ ಬರೆದಿದಾರೆ. ನಮ್ಮತ್ತೆಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು, "ಮನಸಲ್ಲಿ ಮಂಡಿಗೆ ತಿನ್ನೋದಕ್ಕೂ ಈಗ ಕ್ಲಾಸ್ ಇದ್ಯೇನೋ?"

ಮೊದಲನೇ ಹೋಂವರ್ಕು ವಿಷನ್ ಬೋರ್ಡು. ಏನು ಬೇಕೋ ಅದರ ಚಿತ್ರ ಅಂಟಿಸಿ ದಿನಾ ಕಣ್ಣಿಗೆ ಬೀಳೋ ಕಡೆ ಇಡ್ಬೇಕಂತೆ. ನಮ್ಮನೇಲಿ ದಿನಾ ಎಲ್ಲರ ಕಣ್ಣಿಗೂ ಬೀಳೋದು ಫ್ರಿಡ್ಜು. ಒಂದು ಬೆಳಗ್ಗೆ ಹಾಲು ತಗೊಳ್ಳೋಕೆ ಹೋದ್ರೆ ಫ್ರಿಡ್ಜ್ ಬಾಗಿಲ ಮೇಲೆ ಸಿಕ್ಸ್ ಪ್ಯಾಕ್ ಇರೋ ಯಾರದೋ ಬರಿಮೈ, ಅದರ ಕುತ್ತಿಗೆ ಮೇಲೆ ನಮ್ಮೆಜಮಾನ್ರ ತಲೆ. ತಲೆ ಎಲ್ಲಿಂದ ಬಂತು ಅಂತ ಯೋಚ್ನೆ ಮಾಡಿ, ಎದೆ ಧಸಕ್ ಅಂದು, ಬೀರು ತೆಗೆದು ನೋಡ್ತೀನಿ, ನಮ್ಮ ಮದುವೆ ಆಲ್ಬಮ್ಮಲ್ಲಿ ಧಾರೆ ಫೋಟೋದಲ್ಲಿ ನನ್ನ ಪಕ್ಕ ಒಂದು ತೂತು! ಪೇಟ ಕಟ್ ಮಾಡೋಕೆ ಮನಸು ಬಂದಿಲ್ಲ ಅನ್ಸತ್ತೆ, ಆ ಬಾಡಿಬಿಲ್ಡರು ಮೈಸೂರು ಪೇಟ, ಬಾಸಿಂಗ ಎಲ್ಲಾ ಕಟ್ಕೊಂಡು ಡಂಬೆಲ್ ಎತ್ತುತಿದ್ದ. ಅತ್ತೆ ಕನ್ನಡಕ ಏರಿಸ್ಕೊಂಡು ಹತ್ರ ಹೋಗಿ ನೋಡಿ "ಮದುವೆ ದಿನ ಅಂಗಿ ಹಾಕಿದ್ನಲ್ಲ" ಅಂದ್ರು.

ಆಮೇಲೆ ಮನೆ. ಬೆಂಗಳೂರಲ್ಲಿ ಸ್ವಂತ ಮನೆ. ಇದನ್ನ ಗಂಡ ಹೆಂಡ್ತಿ ಜೊತೇಲಿ ಕೂತು ನೋಡಿದ್ರೆ ಪವರ್ ಜಾಸ್ತಿ ಅಂತ ನನ್ನನ್ನೂ ಎಳೆದು ಕೂರಿಸಿದ್ರು. ಕಣ್ಮುಚ್ಚು, ಬಾಗಿಲು ತೆಗಿ, ಪಂಚೇಂದ್ರಿಯಗಳಿಂದ ಅನುಭವಿಸು. ತೆಗೆದೆ. ತೇಗದ ಬಾಗಿಲು, ಆದ್ರೆ ಚಿಲಕ ಕೂತಿಲ್ಲ, ಕಾರ್ಪೆಂಟರ್ ಅಡ್ವಾನ್ಸ್ ಇಸ್ಕೊಂಡು ಊರಿಗೆ ಹೋಗಿದಾನೆ. ಒಳಗೆ ಹೋದೆ, ಹಾಲಲ್ಲಿ ಒಳ್ಳೆ ಬೆಳಕು, ಅದ್ಯಾಕೋ ನಂಗೆ ಖಾತೆ ಎ ನೋ ಬಿ ನೋ ಅನ್ನೋ ಡೌಟು ಬಂತು. ಬಾಲ್ಕನಿಗೆ ಹೋದ್ರೆ ಪಕ್ಕದ ಬಿಲ್ಡಿಂಗು ಎಷ್ಟು ಹತ್ರ ಅಂದ್ರೆ ಅವರ ಅಡುಗೆಮನೆ ಒಗ್ಗರಣೆಗೆ ನಾನು ಸೀನಿದೆ. ನಾನೇನು ಬೇಕಂತ ಮಾಡ್ತಿಲ್ಲ, ಮಿಡ್ಲ್ ಕ್ಲಾಸ್ ತಲೆಗೆ ಮನೆ ಅಂದ್ರೆ ಸಂಪು, ಮೋಟ್ರು, ಸೀಪೇಜು, ಇಎಂಐ ಎಲ್ಲಾ ಜೊತೇಲೇ ಬರೋದು, ಬೇರೆ ಬೇರೆ ಮಾಡೋಕಾಗಲ್ಲ.

"ನೆಗೆಟಿವ್ ಬಿಡು, ಗೃಹಪ್ರವೇಶಕ್ಕೆ ಬಾ" ಅಂದ್ರು. ಸರಿ, ಬಂದೆ. ಪುರೋಹಿತರು, ಮಾವಿನ ತೋರಣ, ಹೊಸ ಸ್ಟವ್ ಮೇಲೆ ಹೊಸ ಪಾತ್ರೆ, ಹಾಲು ಉಕ್ತಾ ಇದೆ, ಎಲ್ಲರೂ ಉಕ್ತು ಉಕ್ತು ಅಂತಿದಾರೆ. ನಿಜ ಹೇಳ್ತೀನಿ, ಹಾಲಿನ ವಾಸನೆ ಮೂಗಿಗೆ ಬಂತು. "ರೀ, ವಾಸ್ನೆ ಬರ್ತಿದೆ" ಅಂದೆ. ಅವರು ಪುಳಕಗೊಂಡು "ನಂಗೂ! ಕಣ್ಬಿಡಬೇಡ, ಇನ್ನೂ ಒಳಗೆ ಹೋಗು" ಅಂದ್ರು. ಒಳಗೆ ಹೋದಷ್ಟೂ ವಾಸನೆ ಜಾಸ್ತಿ, ಆಮೇಲೆ ಸೀದ ವಾಸನೆ, ಆಮೇಲೆ ಹೊಗೆ. ಕಾಫಿ ಮಾಡ್ತೀನಿ ಅಂತ ಹಾಲಿಟ್ಟು ಬಂದು ಕೂತಿದ್ರಂತೆ ಸಾಹೇಬ್ರು. ಪಾತ್ರೆ ತಳ ಉಜ್ಜೋ ವಿಶುವಲೈಸೇಶನ್ ಯಾರೂ ಕಲಿಸಿಲ್ಲ, ಅದನ್ನ ಕೈಯಲ್ಲೇ ಉಜ್ಜಬೇಕಾಯ್ತು, ಸ್ಟೀಲ್ ನಾರು ಹಾಕಿ, ಅವರ ಕೈಲೇ.

ಪೂರ್ತಿ ಬೊಗಳೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಮೈಕೆಲ್ ಫೆಲ್ಪ್ಸ್ 200 ಮೀಟರ್ ಬಟರ್‌ಫ್ಲೈ ಈಜ್ತಿರೋವಾಗ ಕನ್ನಡಕದೊಳಗೆ ನೀರು ತುಂಬ್ಕೊಂಡು ಏನೂ ಕಾಣ್ತಿರ್ಲಿಲ್ಲ, ಆದ್ರೂ ಕೈ ಬೀಸಿದ್ದನ್ನ ಎಣಿಸ್ಕೊಂಡೇ ಹೋಗಿ ಗೋಡೆ ಮುಟ್ಟಿ 1 ನಿಮಿಷ 52.03 ಸೆಕೆಂಡಿಗೆ ವಿಶ್ವದಾಖಲೆ ಮಾಡಿದ್ರು. ಆತ ಗೆಲ್ಲೋದನ್ನ ಮಾತ್ರ ಅಲ್ಲ, ಏನೇನು ಕೆಡಬಹುದು ಅನ್ನೋದನ್ನೂ ಮನಸಲ್ಲೇ ರಿಹರ್ಸಲ್ ಮಾಡ್ತಿದ್ದಂತೆ. ಇದನ್ನ ವರ್ಕ್‌ಶಾಪಲ್ಲಿ ಅರ್ಧ ಮಾತ್ರ ಹೇಳಿರ್ತಾರೆ, ಪದಕದ ಅರ್ಧ.

ಇನ್ನೊಂದು, ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟೀಲಿ ಫಾಮ್ ಮತ್ತೆ ಟೇಲರ್ ಅನ್ನೋರು ಮಾಡಿದ ಸ್ಟಡಿ, 1999ರಲ್ಲಿ ಬಂದಿದ್ದು. ಪರೀಕ್ಷೆಗೆ ಮುಂಚೆ ಕೆಲವು ಹುಡುಗ್ರು ಒಳ್ಳೆ ಮಾರ್ಕ್ಸ್ ಬಂದಿರೋ ಹಾಗೆ ದಿನಾ ಸ್ವಲ್ಪ ಹೊತ್ತು ಕಲ್ಪಿಸ್ಕೊಂಡ್ರು, ಇನ್ನು ಕೆಲವರು ತಾವು ಕೂತು ಓದ್ತಿರೋ ಹಾಗೆ. ಓದೋದನ್ನ ಕಲ್ಪಿಸ್ಕೊಂಡೋರೇ ಜಾಸ್ತಿ ಓದಿ ಜಾಸ್ತಿ ಮಾರ್ಕ್ಸೂ ತಗೊಂಡ್ರು. ಇದನ್ನ ಪಿಯುಸಿ ಓದೋ ನಮ್ಮ ಮಗನಿಗೆ ಹೇಳಬಾರದಿತ್ತು. ಈಗ ಹಾಸಿಗೆ ಮೇಲೆ ಅಂಗಾತ ಬಿದ್ಕೊಂಡು "ಅಮ್ಮಾ, ಓದೋದನ್ನ ವಿಶುವಲೈಸ್ ಮಾಡ್ತಿದೀನಿ, ಡಿಸ್ಟರ್ಬ್ ಮಾಡ್ಬೇಡ" ಅಂತಾನೆ, ಹತ್ತು ನಿಮಿಷಕ್ಕೆ ಗೊರಕೆ.

ಅತ್ತೆ ನಂಜನಗೂಡಿನ ಕಡೆಯೋರು, ದೇವಸ್ಥಾನದಲ್ಲಿ ಅರವತ್ಮೂರು ಜನ ಶಿವಭಕ್ತರ ವಿಗ್ರಹದ ಸಾಲು ನೋಡ್ಕೊಂಡೇ ಬೆಳೆದೋರು. ಅವರ ಪ್ರಕಾರ ಈ ವಿದ್ಯೆ ಸರಿಯಾಗಿ ಗೊತ್ತಿದ್ದಿದ್ದು ಆ ಸಾಲಲ್ಲಿರೋ ಪೂಸಲಾರ್ ಒಬ್ಬರಿಗೇ. ಕೈಲಿ ಕಾಸಿಲ್ಲದೆ ಶಿವನಿಗೆ ಮನಸಲ್ಲೇ ಗುಡಿ ಕಟ್ಟಿದೋರು, ಕೊನೆಗೆ ಶಿವ ಪಲ್ಲವ ರಾಜನ ಕನಸಲ್ಲಿ ಬಂದು, ಅವತ್ತು ಪೂಸಲಾರ್ ಗುಡಿಗೆ ಹೋಗ್ಬೇಕು, ನಿನ್ನ ಕಂಚಿ ದೇವಸ್ಥಾನದ ಪ್ರತಿಷ್ಠೆ ಇನ್ನೊಂದು ದಿನ ಇಟ್ಕೋ ಅಂದ್ನಂತೆ. "ಅವರು ತಳಪಾಯ ಹಾಕಿ, ಶಿಖರ ಏರಿಸಿ, ಬಾವಿ ತೋಡಿ, ಎಲ್ಲಾ ಒಂದೊಂದಾಗಿ ಮನಸಲ್ಲೇ ಮಾಡಿದ್ರು ಕಣೋ, ನಿನ್ ಥರ ಸೀದಾ ಊಟಕ್ಕೆ ಕೂತ್ಕೊಳ್ಲಿಲ್ಲ" ಅಂತ ತಮ್ಮ ಮಗನಿಗೆ ಕೊಟ್ರು ನೋಡಿ.

ಅತ್ತೇದೂ ಒಂದು ವಿಶುವಲೈಸೇಶನ್ ಇದೆ, ಬರೀ ಅಡಚಣೆಗಳದ್ದು. ಮಳೆಗಾಲದಲ್ಲಿ ಧರ್ಮಸ್ಥಳಕ್ಕೆ ಹೊರಟಾಗ ಯಜಮಾನ್ರು ಖಾಲಿ ರಸ್ತೆ, ಸಲೀಸು ದರ್ಶನ ಅಂತ ಕಣ್ಮುಚ್ಚಿ ಮುಗುಳ್ನಗ್ತಾ ಕೂತಿದ್ರೆ, ಅತ್ತೆ ಘಾಟಿ ಬಂದ್ ಆದ್ರೆ, ಯಾರಾದ್ರೂ ವಾಂತಿ ಮಾಡಿದ್ರೆ, ಕತ್ತಲಾದ್ರೆ ಅಂತ ಒಂದೊಂದನ್ನೂ ಕಣ್ಣಾರೆ ಕಂಡೋರ ಹಾಗೆ ಹೇಳ್ಕೊಂಡು ಅವಲಕ್ಕಿ, ನಿಂಬೆಹಣ್ಣು, ಪ್ಲಾಸ್ಟಿಕ್ ಕವರು, ಟಾರ್ಚು, ಹಳೇ ಪಂಚೆ, ಹಗ್ಗ ತುಂಬಿದ್ರು. ಹಗ್ಗ ಯಾಕೆ ಅಂತ ಕೇಳೋ ಧೈರ್ಯ ಯಾರಿಗೂ ಬರ್ಲಿಲ್ಲ.

ಸಕಲೇಶಪುರ ದಾಟಿ ದೋಣಿಗಲ್ ಹತ್ರ ಗುಡ್ಡ ಕುಸಿದಿತ್ತು. ಮುಂದೆ ಲಾರಿ, ಹಿಂದೆ ಲಾರಿ, ಮಳೆ ಬೇರೆ. ನಮ್ಮ ಅವಲಕ್ಕಿ ನಮ್ಮ ಕಾರಿಗೂ ಆಯ್ತು, ಅಕ್ಕಪಕ್ಕದ ಕಾರುಗಳ ಮಕ್ಕಳಿಗೂ ಆಯ್ತು, ಹಗ್ಗ ಒಬ್ಬರ ಕಾರಿನ ಮೇಲಿಂದ ಜಾರ್ತಿದ್ದ ಸೂಟ್‌ಕೇಸ್ ಕಟ್ಟೋಕಾಯ್ತು. ಅತ್ತೆ ಕೈ ಒರೆಸ್ಕೊಂಡು ಮಗನ ಕಡೆ ತಿರುಗಿ, "ಎಲ್ಲಿ, ಈಗ ಕಣ್ಮುಚ್ಕೊಂಡು ಒಂದು ಜೆಸಿಬಿ ಬರ್ಸು ನೋಡೋಣ" ಅಂದ್ರು.

ಇವರು ಮುಚ್ಚಿದ್ರು ಕೂಡ. ಸ್ವಲ್ಪ ಹೊತ್ತಿಗೆ ಜೆಸಿಬಿ ಬಂತು. ಅದು ನಾವು ಬರೋಕೆ ಮುಂಚೇನೇ ಹೊರಟಿತ್ತು ಅಂತ ಅದರ ಡ್ರೈವರ್ರೇ ಹೇಳಿದ್ರೂ ಇವರು ಕೇಳ್ತಿಲ್ಲ, ಈಗ ಫ್ರಿಡ್ಜ್ ಮೇಲೆ ಆ ಪೇಟ ಕಟ್ಟಿರೋ ಪೈಲ್ವಾನನ ಪಕ್ಕ ಒಂದು ಜೆಸಿಬಿ ಫೋಟೋನೂ ಅಂಟಿಸಿದಾರೆ.