ಹಾಸಿಗೆ ಫ್ರೀ, ಸೂಜಿಗೆ ದುಡ್ಡು

ಸರ್ಕಾರಕ್ಕೆ ವ್ಯಾಪಾರ ಬರಲ್ಲ ಅಂತ ಯಾರು ಹೇಳಿದ್ದು? ದೆಹಲಿಯ ಸರಿತಾ ವಿಹಾರಕ್ಕೆ ಹೋಗಿ ನೋಡಿ. ಅಲ್ಲಿ 15 ಎಕರೆ ಸರ್ಕಾರಿ ಜಾಗ ಇಂದ್ರಪ್ರಸ್ಥ ಅಪೋಲೊ ಆಸ್ಪತ್ರೆಗೆ ಗುತ್ತಿಗೆಗೆ ಹೋಗಿದೆ. ಬಾಡಿಗೆ ಸಾಂಕೇತಿಕವಾಗಿ 1 ರೂಪಾಯಿ. ಆ ಊರಲ್ಲಿ ಇಷ್ಟಕ್ಕೆ ಸ್ಕೂಟರ್ ನಿಲ್ಲಿಸೋಕೂ ಜಾಗ ಸಿಗಲ್ಲ.

ಸುಮ್ನೆ ಕೊಟ್ಟಿದ್ದಲ್ಲ, ಷರತ್ತು ಇತ್ತು. ಮೂರನೇ ಒಂದು ಭಾಗ ಹಾಸಿಗೆ ಬಡವರಿಗೆ ಉಚಿತ, ಹೊರರೋಗಿಗಳಲ್ಲಿ ಶೇ. 40 ಮಂದಿಗೂ ಉಚಿತ. ಒಪ್ಪಂದ 1988ರದ್ದು, ಆಸ್ಪತ್ರೆ ಶುರುವಾಗಿದ್ದು 1996ರಲ್ಲಿ. ಜೊತೆಗೆ ದೆಹಲಿ ಸರ್ಕಾರಕ್ಕೆ ಶೇ. 26 ಪಾಲು. ಜಾಗ ಕೊಟ್ಟಿದ್ದು ಸರ್ಕಾರ, ಲಾಭದ ಪಾಲುದಾರ ಸರ್ಕಾರ, ಷರತ್ತು ಪಾಲಿಸ್ತಿದ್ದಾರಾ ಅಂತ ನೋಡಬೇಕಾದ್ದೂ ಸರ್ಕಾರ. ಎಷ್ಟು ಅಚ್ಚುಕಟ್ಟು ಅಲ್ವಾ?

ಬಡವರ ಹಾಸಿಗೆಯ ಬಗ್ಗೆ ಆಸ್ಪತ್ರೆಯ ವಾದ ಇನ್ನೂ ಚೆನ್ನಾಗಿತ್ತು. ಹಾಸಿಗೆ ಫ್ರೀ, ಡಾಕ್ಟರು ನೋಡೋದು ಫ್ರೀ. ಔಷಧಿಗೆ, ಸಿರಿಂಜು, ಗ್ಲೌಸ್‌ನಂಥ ಸಾಮಾನಿಗೆ ಮಾತ್ರ ದುಡ್ಡು. ಅಂದರೆ ಬಡವನು ಬಂದು ಆರಾಮಾಗಿ ಮಲಗಬಹುದು. ಎದ್ದು ಹೋಗಬೇಕು ಅನ್ನಿಸಿದರೆ ಬಿಲ್ ಕೌಂಟರ್‌ಗೆ ಬರಬೇಕು. ಆಪರೇಷನ್ ಟೇಬಲ್ ಮೇಲೆ ಹೊಟ್ಟೆ ಕೊಯ್ಯೋದು ಉಚಿತ, ಹೊಲಿಯೋ ದಾರ ನಿಮ್ಮದು! ಇಂಥ ಲೆಕ್ಕ ಮಾರವಾಡಿಗೂ ಹೊಳೆಯುತ್ತಿರಲಿಲ್ಲ ಅನ್ನೋಣ ಅಂದರೆ, ಪಾಪ, ಅವರು ಧರ್ಮಶಾಲೆ ಕಟ್ಟಿಸುವ ಜನ.

2009ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಒಪ್ಪಲಿಲ್ಲ. ಉಚಿತ ಅಂದಮೇಲೆ ಔಷಧಿಯೂ ಅದರಲ್ಲೇ ಬಂತು ಎಂದಿತು. ಮ್ಯಾಟರ್ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ 2025ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿಗಳಿಗೆ ತಾಳ್ಮೆ ತಪ್ಪಿತು. ಬಡವರಿಗೆ ಉಚಿತ ಚಿಕಿತ್ಸೆ ಕೊಡದಿದ್ದರೆ ಆಸ್ಪತ್ರೆಯನ್ನೇ ಏಮ್ಸ್‌ಗೆ ಕೊಟ್ಟುಬಿಡ್ತೇವೆ ಎಂದು ಎಚ್ಚರಿಸಿದರು. ಸರ್ಕಾರವೂ ಲಾಭದಲ್ಲಿ ಪಾಲು ತಗೊಳ್ಳುತ್ತಿದ್ದರೆ ಅದಕ್ಕಿಂತ ದುರದೃಷ್ಟ ಇಲ್ಲ ಎಂದರು. 30 ವರ್ಷದ ಗುತ್ತಿಗೆ 2023ಕ್ಕೇ ಮುಗಿಯಬೇಕಿತ್ತು, ನವೀಕರಿಸಿದ್ದೀರಾ ಎಂದೂ ಕೇಳಿದರು. ನಮ್ಮ ಮನೆ ಓನರ್ ಆಗಿದ್ದರೆ ಹತ್ತನೇ ತಿಂಗಳಿಗೇ ಬಂದು ಬಾಗಿಲು ಬಡಿಯುತ್ತಿದ್ದ.

ಕೊನೆಗೆ ಕೋರ್ಟು ತನಿಖಾ ತಂಡ ಮಾಡಿ ಎಂದಿತು. ಐದು ವರ್ಷದ ದಾಖಲೆ ತೆಗೆದು, ಎಷ್ಟು ಬಡವರಿಗೆ ಚಿಕಿತ್ಸೆ ಸಿಕ್ಕಿದೆ ಅಂತ ಎಣಿಸಬೇಕು. ಯಾರು ಎಣಿಸಬೇಕು? ಕೇಂದ್ರ ಸರ್ಕಾರ, ಮತ್ತೆ ಅದೇ ಶೇ. 26ರ ದೆಹಲಿ ಸರ್ಕಾರ.