ಇತಿಹಾಸ ಪದವಿಯಲ್ಲಿ ಇಪ್ಪತ್ತನೆಯ ಶತಮಾನದ ಜಗತ್ತಿನ ಚರಿತ್ರೆ ಕಡ್ಡಾಯವಾಗಬೇಕೇ?

ಪರ

ಇಪ್ಪತ್ತನೆಯ ಶತಮಾನದ ಜಗತ್ತನ್ನು ಓದದೆ ಇತಿಹಾಸದ ಪದವಿ ಪಡೆದವರಿಗೆ ತಮ್ಮ ಊರಿನ ಚರಿತ್ರೆಯೂ ಪೂರ್ತಿ ದಕ್ಕುವುದಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡುತ್ತಿದ್ದ ಈ ದಳದ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಸೇರಿ, ಮೆಷಿನ್ ಗನ್‌ಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿ, ತುರ್ಕರ ವಶದಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಮೈಸೂರಿನದೇ ಒಂದು ತುಕಡಿ ಬೆಟ್ಟವೇರಿತು. ಮೈಸೂರು ಸಂಸ್ಥಾನದ ಸೈನಿಕರಿಗೆ ಪ್ಯಾಲೆಸ್ಟೈನಿನಲ್ಲಿ ಏನು ಕೆಲಸವಿತ್ತು ಎಂಬ ಪ್ರಶ್ನೆಗೆ ಸಂಸ್ಥಾನದ ಕಡತಗಳಷ್ಟರಲ್ಲೇ ಉತ್ತರ ಸಿಗದು. ತುರ್ಕರ ಆಟೋಮನ್ ಸಾಮ್ರಾಜ್ಯದ ಕುಸಿತ, ಪ್ಯಾಲೆಸ್ಟೈನಿನಲ್ಲಿ ಯಹೂದಿಗಳ ರಾಷ್ಟ್ರೀಯ ನೆಲೆಗೆ ಬ್ರಿಟನ್ ಬೆಂಬಲ ಸೂಚಿಸಿದ 1917ರ ಬಾಲ್ಫೋರ್ ಘೋಷಣೆ, ರಾಷ್ಟ್ರಸಂಘವು 1922ರಲ್ಲಿ ಬ್ರಿಟನ್ನಿಗೆ ಒಪ್ಪಿಸಿದ ಪ್ಯಾಲೆಸ್ಟೈನಿನ ಆಡಳಿತಾಧಿಕಾರ, ಸುಮಾರು ಏಳು ಲಕ್ಷ ಪ್ಯಾಲೆಸ್ಟೈನಿಯರು ನೆಲೆ ಕಳೆದುಕೊಂಡ 1948ರ ಅರಬ್-ಇಸ್ರೇಲ್ ಯುದ್ಧ, ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಹಿಡಿದು ನೋಡಿದಾಗಲೇ ಆ ಸವಾರರು ಯಾರ ಯುದ್ಧದಲ್ಲಿ ಪ್ರಾಣ ಕೊಟ್ಟರು, ಅದರ ಫಲವನ್ನು ಯಾರು ಉಣ್ಣುತ್ತಿದ್ದಾರೆ ಎಂಬುದು ತಿಳಿಯುತ್ತದೆ.

1943ರ ಬಂಗಾಳದ ಕ್ಷಾಮವೂ ಹಾಗೆಯೇ: ಹಿಂದಿನ ವರ್ಷ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದನ್ನೂ, ಯುದ್ಧಕಾಲದ ಬ್ರಿಟಿಷ್ ಸರ್ಕಾರದ ತೀರ್ಮಾನಗಳನ್ನೂ ಬಿಟ್ಟು ಅದನ್ನು ವಿವರಿಸಲಾಗದು. ಇಂತಹ ತಿಳಿವಳಿಕೆಯನ್ನು ವಿದ್ಯಾರ್ಥಿಯ ಆಯ್ಕೆಗೆ ಬಿಡುವುದು ವಿಶ್ವವಿದ್ಯಾಲಯದ ಹೊಣೆಗೇಡಿತನವೇ ಸರಿ.

ವಿರೋಧ

ಈ ಚರಿತ್ರೆಯನ್ನು ಓದಬೇಕು ಎಂಬುದಕ್ಕೆ ನಮ್ಮ ತಕರಾರಿಲ್ಲ, ಕಡ್ಡಾಯ ಮಾಡುವುದಕ್ಕಿದೆ. ಎರಡು ಮಹಾಯುದ್ಧಗಳು, ರಷ್ಯಾದ ಕ್ರಾಂತಿ, ಶೀತಲ ಸಮರ, ವಸಾಹತುಗಳ ಬಿಡುಗಡೆ, ಎಲ್ಲವನ್ನೂ ಒಂದು ಸೆಮಿಸ್ಟರಿಗೆ ತುಂಬಿದರೆ ಕೊನೆಗೆ ಉಳಿಯುವುದು ಕಾರಣಗಳನ್ನೂ ಪರಿಣಾಮಗಳನ್ನೂ ಪಟ್ಟಿ ಮಾಡುವ ಹತ್ತು ಅಂಕದ ಪ್ರಶ್ನೆ ಮಾತ್ರ. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿ ಯುದ್ಧನಷ್ಟದ ಹೊಣೆಯನ್ನು ಜರ್ಮನಿಯ ಮೇಲೆ ಹೊರಿಸಿತೆಂದು ಬರೆಯುವವರಲ್ಲಿ ಆ ವಿಧಿಯನ್ನು ಓದಿದವರು ಅಪರೂಪ. ಜರ್ಮನ್, ರಷ್ಯನ್, ಫ್ರೆಂಚ್ ಬಾರದೆ ಆ ಕಾಲದ ಬಹುಪಾಲು ಮೂಲ ದಾಖಲೆಗಳ ಬಾಗಿಲು ತೆರೆಯುವುದೂ ಇಲ್ಲ.

ಇತಿಹಾಸ ಕಲಿಯುವುದೆಂದರೆ ಆಕರವನ್ನು ಕೈಯಾರೆ ಮುಟ್ಟಿ ಓದಲು ಕಲಿಯುವುದು. ಊರ ಗುಡಿಯ ಅಂಗಳದ ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಅಕ್ಷರಗಳ ಕುಳಿಗೆ ಅದು ಇಳಿಯುವಂತೆ ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆದು, ಸವೆದುಹೋದ ಅಕ್ಷರ ಯಾವುದಿರಬಹುದೆಂದು ಗುರುಗಳೊಡನೆ ವಾದಿಸಿದ ವಿದ್ಯಾರ್ಥಿಗೆ ಪ್ರಮಾಣವೆಂದರೇನು, ಊಹೆಯೆಂದರೇನು ಎಂಬುದು ಜೀವಮಾನವಿಡೀ ಮರೆಯುವುದಿಲ್ಲ. ಶಾಸನ ತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಸಂಪುಟಗಳಾಗಿ ಹೊರತಂದ ಸಾವಿರಾರು ಶಾಸನಗಳನ್ನು ಹಳಗನ್ನಡದಲ್ಲೇ ಓದಿ ಅರ್ಥ ಮಾಡಬಲ್ಲವರು ಇಂದು ನಮಗೆ ತುರ್ತಾಗಿ ಬೇಕಾಗಿದ್ದಾರೆ. ಮೂರು ವರ್ಷದ ವೇಳಾಪಟ್ಟಿಯಲ್ಲಿ ಹೊಸ ಕಡ್ಡಾಯ ಪತ್ರಿಕೆಯೊಂದು ಸೇರಿದರೆ ಮೊದಲು ಕತ್ತರಿ ಬೀಳುವುದು ಇಂತಹ ನಿಧಾನದ ಕಲಿಕೆಗೇ.

ಆದ್ದರಿಂದ ಜಗತ್ತಿನ ಚರಿತ್ರೆ ಐಚ್ಛಿಕವಾಗಿರಲಿ. ಅಲ್ಲಿಯೂ ಇಡೀ ಶತಮಾನದ ಬದಲು ಒಂದೇ ಘಟನೆಯನ್ನು, ಉದಾಹರಣೆಗೆ ಏಷ್ಯಾ ಮತ್ತು ಆಫ್ರಿಕಾದ 29 ದೇಶಗಳು ಸೇರಿದ್ದ 1955ರ ಬಾಂಡುಂಗ್ ಸಮ್ಮೇಳನವನ್ನು, ಅಲ್ಲಿ ನಡೆದ ಭಾಷಣಗಳ ಸಮೇತ ಓದಿಸಲಿ.