ಪುಸ್ತಕ ಓದಿ ಬಂದು ಪ್ರಶ್ನೆ ಕೇಳಿ

ಲೇಖಕರ ಸಂದರ್ಶನ ಅಂದರೆ ಯಾರಿಗೆ ಇಷ್ಟ? ಬರೆದವರಿಗಾ, ಓದಿದವರಿಗಾ? ಮೊನ್ನೆ ತುಮಕೂರಿನಲ್ಲಿ ನಾವು ಕೆಲವರು ಓದುವ ಗೆಳೆಯರು ಸೇರಿದ್ದಾಗ ಈ ಮಾತು ಬಂತು. ಕೆಲವರು "ಲೇಖಕರಿಗೆ ಅದೊಂದು ಶಿಕ್ಷೆ, ಪಾಪ" ಅಂದರು. ಇನ್ನು ಕೆಲವರು "ಪುಸ್ತಕವೇ ಕೈಲಿರುವಾಗ ಸಂದರ್ಶನ ಯಾಕೆ ಬೇಕು?" ಅಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಅಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂದರ್ಶನ ಇಬ್ಬರಿಗೂ ಇಷ್ಟವಾಗುತ್ತದೆ. ಆದರೆ ಕೇಳುವವರು ಪುಸ್ತಕ ಓದಿರಬೇಕು. ನಮ್ಮಲ್ಲಿ ಓದದೆ ಕೇಳುವುದು ಜಾಸ್ತಿಯಾಗಿದೆ. ಲೇಖಕರ ಬೇಸರಕ್ಕೂ ಅದೇ ಕಾರಣ, ಓದುಗರ ಬೇಸರಕ್ಕೂ ಅದೇ ಕಾರಣ.

ನಮ್ಮ ಕಡೆ ಪುಸ್ತಕ ಬಿಡುಗಡೆ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ. ಶುರುವಾಗುವಾಗ ಹನ್ನೊಂದೂವರೆ. ನಾಡಗೀತೆ, ಸ್ವಾಗತ, ದೀಪ, ಹಾರ, ಶಾಲು, ಪೇಟ. ಉದ್ಘಾಟನೆ ಮಾಡುವವರು ಒಬ್ಬರು, ಬಿಡುಗಡೆ ಮಾಡುವವರು ಇನ್ನೊಬ್ಬರು, ಕೃತಿ ಪರಿಚಯಕ್ಕೆ ಮತ್ತೊಬ್ಬರು, ಆಮೇಲೆ ಮುಖ್ಯ ಅತಿಥಿಗಳು, ಕೊನೆಗೆ ಅಧ್ಯಕ್ಷರ ನುಡಿ. ಇಷ್ಟೆಲ್ಲ ಮುಗಿದ ಮೇಲೆ 'ಲೇಖಕರೊಂದಿಗೆ ಸಂವಾದ'. ಅಷ್ಟರಲ್ಲಿ ಹಿಂದಿನ ಸಾಲಿನವರು ಊಟಕ್ಕೆ ಎದ್ದಿರುತ್ತಾರೆ. ನಿರೂಪಕರು ಗಡಿಯಾರ ನೋಡಿ "ಎರಡೇ ಪ್ರಶ್ನೆಗೆ ಅವಕಾಶ" ಅನ್ನುತ್ತಾರೆ. ಆ ಎರಡು ಪ್ರಶ್ನೆ ಯಾವುವು? "ನಿಮಗೆ ಪ್ರೇರಣೆ ಯಾರು?" ಮತ್ತು "ಯುವ ಬರಹಗಾರರಿಗೆ ನಿಮ್ಮ ಸಂದೇಶ ಏನು?" ಈ ಎರಡನ್ನೂ ಯಾವ ಲೇಖಕರಿಗೆ ಬೇಕಾದರೂ, ಯಾವ ಪುಸ್ತಕದ ಬಗ್ಗೆ ಬೇಕಾದರೂ ಕೇಳಬಹುದು. ಪುಸ್ತಕದ ಹಾಳೆ ಬಿಡಿಸದೆಯೂ ಕೇಳಬಹುದು. ನಾಲ್ಕು ವರ್ಷ ಕೂತು ಒಂದು ಕಾದಂಬರಿ ಬರೆದವರಿಗೆ ಅದಕ್ಕಿಂತ ನೋವಿನ ವಿಷಯ ಇನ್ನೇನಿದೆ ಹೇಳಿ?

ಬರೆಯುವವರು ಹೆಣ್ಣುಮಕ್ಕಳಾದರೆ ಇನ್ನೊಂದು ಪ್ರಶ್ನೆ ಗ್ಯಾರಂಟಿ: "ಮನೆ, ಮಕ್ಕಳು, ಬರವಣಿಗೆ, ಎಲ್ಲ ಹೇಗೆ ನಿಭಾಯಿಸುತ್ತೀರಿ ಮೇಡಂ?" ಗಂಡಸರಿಗೆ ಇದನ್ನು ಕೇಳಿದ್ದು ನಾನು ಇವತ್ತಿನವರೆಗೂ ನೋಡಿಲ್ಲ. ನಿಜವಾಗಿಯೂ ಅದನ್ನೇ ತಿಳಿಯಬೇಕು ಅನ್ನಿಸಿದರೆ ಸರಿಯಾಗಿ ಕೇಳಿ. ದಿನದ ಯಾವ ಹೊತ್ತಿನಲ್ಲಿ ಬರೆಯುತ್ತೀರಿ, ಮಧ್ಯೆ ಎದ್ದು ಹೋಗಬೇಕಾಗಿ ಬಂದದ್ದಕ್ಕೆ ವಾಕ್ಯ ಚಿಕ್ಕದಾಯಿತಾ, ಸಣ್ಣಕಥೆಯನ್ನೇ ಆರಿಸಿಕೊಂಡಿದ್ದಕ್ಕೆ ಅದೂ ಕಾರಣವಾ ಅಂತ ಕೇಳಿ. ಆಗ ಅದು ಬರವಣಿಗೆಯ ಪ್ರಶ್ನೆ ಆಗುತ್ತದೆ, ಉತ್ತರವೂ ಹಾಗೇ ಬರುತ್ತದೆ.

ಒಳ್ಳೆಯ ಪ್ರಶ್ನೆ ಅಂದರೆ ಹೇಗಿರುತ್ತದೆ? ನಾನು ಕಣ್ಣಾರೆ ಕಂಡ ಒಂದನ್ನು ಹೇಳಬೇಕು. ತಿಪಟೂರು ಕಡೆಯ ಒಬ್ಬ ಕಥೆಗಾರರ ಪುಸ್ತಕದ ಮೇಲೆ ಮಾತುಕತೆ ಇತ್ತು. ಸಣ್ಣ ಸಭೆ, ಪ್ಲಾಸ್ಟಿಕ್ ಕುರ್ಚಿಗಳು, ಅರ್ಧ ಖಾಲಿ. ಲೇಖಕರು ಒರಗಿ ಕೂತು ಎಲ್ಲದಕ್ಕೂ ಎರಡು ಮಾತಲ್ಲಿ ಉತ್ತರ ಕೊಡುತ್ತಿದ್ದರು. ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ. ಆಗ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ರೈತರೊಬ್ಬರು ಎದ್ದರು. ಮೈಕ್ ಬೇಡ ಅಂದರು. ಪುಸ್ತಕ ಕೈಲಿತ್ತು, ಹಾಳೆಯ ಮಧ್ಯೆ ಬಸ್ ಟಿಕೆಟ್ ಇಟ್ಟುಕೊಂಡಿದ್ದರು.

"ಸಾರ್, ಈ ಕಥೇಲಿ ಒಂದು ಅಜ್ಜಿ ಬರ್ತದಲ್ಲ, ಅವಳು ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡ್ತಾಳೆ. ಒಳಗೆ ಕೊಬ್ಬರಿ ಗುಡುಗುಡು ಅಂತದೆ. ಅಂದ್ರೆ ಕೊಬ್ಬರಿ ಆಗೈತೆ ಅಂತ. ಆದ್ರೂ ಅವಳು ಸುಲಿಸಲ್ಲ. ಮತ್ತೆ ಕಾಯಿ ಅಲ್ಲೇ ಇಟ್ಟು ಇಳೀತಾಳೆ. ಯಾಕ್ ಸಾರ್? ರೇಟಿಗೆ ಕಾಯ್ತಾ ಇದ್ಲಾ, ಮಗನಿಗೆ ಕಾಯ್ತಾ ಇದ್ಲಾ?"

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ ಇಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಬಂದಾಗ ಅಲ್ಲಾಡಿಸಿದರೆ ಸದ್ದು ಬರುತ್ತದೆ. ಹಾಗೆ ಆದ ಮೇಲೂ ರೇಟ್ ಬರಲಿ ಅಂತ ಕಾಯುವವರು ಊರ ತುಂಬ ಇದ್ದಾರೆ. ಆ ಅಜ್ಜಿಯ ಮಗ ಬೆಂಗಳೂರಲ್ಲಿದ್ದಾನೆ, ಹಬ್ಬಕ್ಕೂ ಬಂದಿಲ್ಲ. ಕಥೆಯಲ್ಲಿ ಕಾರಣ ಎಲ್ಲೂ ಬರೆದಿಲ್ಲ.

ಲೇಖಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಅಣ್ಣಾ, ನೀವು ಕೊಬ್ಬರಿ ಮಾಡ್ತೀರಾ?" ಅಂತ ಮೊದಲು ಅವರೇ ಕೇಳಿದರು. ಆಮೇಲೆ ಮಾತು ಶುರುವಾಯಿತು. ಮೊದಲು ಬರೆದಾಗ ಮಗ ಬರುತ್ತಾನಂತೆ, ಕೊಬ್ಬರಿ ಮಾರಿ ದುಡ್ಡು ತಗೊಂಡು ಹೋಗುತ್ತಾನಂತೆ. ಆ ಕೊನೆ ಅವರಿಗೆ ಹಿಡಿಸಲಿಲ್ಲ. ಅದನ್ನು ತೆಗೆದು ಹಾಕಿದರು. ತೆಗೆದ ಮೇಲೆ ಅಜ್ಜಿ ಅಟ್ಟದಿಂದ ಸುಮ್ಮನೆ ಇಳಿಯುವುದು ಮಾತ್ರ ಉಳಿಯಿತು. "ಅವಳು ಯಾಕೆ ಸುಲಿಸಲಿಲ್ಲ ಅಂತ ನಾನೇ ತೀರ್ಮಾನ ಮಾಡಿರಲಿಲ್ಲ. ನೀವು ಕೇಳಿದ ಮೇಲೆ ಅನ್ನಿಸ್ತಾ ಇದೆ, ಸುಲಿಸಿಬಿಟ್ಟರೆ ಮಗನಿಗೆ ಬಾ ಅನ್ನೋಕೆ ಅವಳ ಹತ್ತಿರ ನೆಪ ಇರಲ್ಲ" ಅಂದರು. ರೈತರು ತಲೆ ಆಡಿಸಿ, "ರೇಟೂ ಇರಬೈದು ಸಾರ್" ಅಂದು ಕೂತರು.

ಆಮೇಲೆ ಸಭೆಯಲ್ಲಿ ಯಾರೂ ಊಟದ ನೆನಪು ಮಾಡಿಕೊಳ್ಳಲಿಲ್ಲ. ಲೇಖಕರಿಗೆ ಸಂದರ್ಶನ ಇಷ್ಟವಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಆ ಕುರ್ಚಿ ಎಳೆದುಕೊಂಡದ್ದು ಕಣ್ಣಿಗೆ ಬರುತ್ತದೆ. ತಾನು ಬರೆದದ್ದನ್ನು ಒಬ್ಬರು ಇಷ್ಟು ಗಮನವಿಟ್ಟು ಓದಿದ್ದಾರೆ ಅಂತ ತಿಳಿಯುವುದು ಯಾವ ಶಾಲಿಗಿಂತಲೂ ದೊಡ್ಡದು. ಕೇಳಿದವರಿಗೂ, ಸುತ್ತ ಕೂತ ನಮಗೂ ಆ ಕಥೆ ಅವತ್ತು ದೊಡ್ಡದಾಯಿತು.

ಹಾಗಂತ ಎಲ್ಲ ಲೇಖಕರೂ ಒಂದೇ ಥರ ಇರುವುದಿಲ್ಲ. 2002ರಲ್ಲಿ ನಮ್ಮ ತುಮಕೂರಿನಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಯು.ಆರ್. ಅನಂತಮೂರ್ತಿ. ಅವರು ಮಾತಾಡುತ್ತಾ ಮಾತಾಡುತ್ತಾ ಯೋಚನೆ ಮಾಡುವ ಲೇಖಕರು. ಎದುರಿಗೊಬ್ಬರು ಕೂತು ಕೇಳಿದರೆ ಅವರಿಗೆ ಹೊಸದು ಹೊಳೆಯುತ್ತಿತ್ತು. ಅವರ ಸಂದರ್ಶನ ಓದಿದರೆ ಪ್ರಬಂಧ ಓದಿದ ಹಾಗೇ ಇರುತ್ತದೆ. ಪೂರ್ಣಚಂದ್ರ ತೇಜಸ್ವಿ ಇದಕ್ಕೆ ಪೂರ್ತಿ ಉಲ್ಟಾ. ಸಭೆ, ವೇದಿಕೆ, ಸನ್ಮಾನ ಅಂದರೆ ದೂರ. ಮೂಡಿಗೆರೆಯ ತೋಟ ಬಿಟ್ಟು ಬರುತ್ತಿರಲಿಲ್ಲ. ಆದರೆ ಮನೆಗೇ ಹೋಗಿ ಹಕ್ಕಿ, ಕ್ಯಾಮೆರಾ, ಮೀನು ಹಿಡಿಯುವುದು ಅಂತ ಮಾತು ತೆಗೆದರೆ ಖುಷಿಯಿಂದ ಮಾತಾಡುತ್ತಿದ್ದರು ಅಂತ ಅವರನ್ನು ಕಂಡವರು ಬರೆದಿದ್ದಾರೆ. ಅಂದರೆ ಅವರಿಗೆ ಬೇಡವಾಗಿದ್ದದ್ದು ಮಾತಲ್ಲ, ಆ ಏರ್ಪಾಡು.

ಹೊರದೇಶದವರ ಕಥೆಯೂ ಇಂಥದೇ. ನಬೊಕೊವ್ ಸಂದರ್ಶನ ಕೊಡುತ್ತಿದ್ದರು, ಆದರೆ ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಬೇಕಿತ್ತು. ಉತ್ತರವನ್ನೂ ಅವರು ಬರೆದೇ ಕೊಡುತ್ತಿದ್ದರು. ಇಟಲಿಯ ಎಲೆನಾ ಫೆರಾಂಟೆ ತಾವು ಯಾರೆಂದು ಇವತ್ತಿಗೂ ಹೇಳಿಕೊಂಡಿಲ್ಲ, ಬರಹದಲ್ಲಿ ಮಾತ್ರ ಉತ್ತರ ಕೊಡುತ್ತಾರೆ. 'ಪ್ಯಾರಿಸ್ ರಿವ್ಯೂ' ಪತ್ರಿಕೆ 1953ರಲ್ಲಿ ಇ.ಎಂ. ಫಾರ್ಸ್ಟರ್ ಅವರಿಂದ ಶುರು ಮಾಡಿ ಇವತ್ತಿನವರೆಗೂ ಲೇಖಕರ ಸಂದರ್ಶನ ಹಾಕುತ್ತಾ ಬಂದಿದೆ. ಅಲ್ಲಿ ಮಾತುಕತೆಯನ್ನು ಬರೆದುಕೊಂಡ ಮೇಲೆ ಲೇಖಕರಿಗೇ ವಾಪಸ್ ಕೊಡುತ್ತಾರೆ, ಅವರು ತಿದ್ದಿ ಕೊಡಬಹುದು. ಇದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಒಬ್ಬರು "ಅದು ಮೋಸ ಅಲ್ವಾ?" ಅಂದರು. ಅಲ್ಲವೇ ಅಲ್ಲ. ಒಂದು ವಾಕ್ಯಕ್ಕೆ ಒಂದು ಬೆಳಗ್ಗೆ ಕಳೆಯುವ ಮನುಷ್ಯನನ್ನು ಮೈಕ್ ಮುಂದೆ ನಿಲ್ಲಿಸಿ ಎರಡು ಸೆಕೆಂಡಿನಲ್ಲಿ ಹೇಳು ಅನ್ನುತ್ತೇವಲ್ಲ, ಅನ್ಯಾಯ ಅಂದರೆ ಅದು. ಲೇಖಕರ ಭಯ ಏನು ಗೊತ್ತಾ? ಒಂದು ಗಂಟೆ ಮಾತಾಡಿದ್ದರಲ್ಲಿ ಒಂದೇ ಸಾಲು ಕತ್ತರಿಸಿ ಹೆಡ್ಡಿಂಗ್ ಮಾಡುತ್ತಾರೆ. ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿ ಬಿಡುತ್ತಾರೆ. ಮಾರನೇ ದಿನದಿಂದ ಬೈಗುಳ ಶುರು. ಪುಸ್ತಕ ಓದದವರೇ ಜಾಸ್ತಿ ಬೈಯುತ್ತಾರೆ. ಹೀಗಾದ ಮೇಲೆ ಮತ್ತೆ ಬಾಯಿ ತೆರೆಯಲು ಯಾರಿಗೆ ಧೈರ್ಯ ಬರುತ್ತದೆ?

ಈಗ "ಪುಸ್ತಕ ಸಾಲದಾ?" ಅನ್ನುವವರ ಮಾತಿಗೆ ಬರುತ್ತೇನೆ. ಅವರ ಬಗ್ಗೆ ನನಗೆ ಗೌರವ ಇದೆ. ಕಥೆಯ ಅರ್ಥವನ್ನು ಲೇಖಕರೇ ಬಿಡಿಸಿ ಹೇಳಿಬಿಟ್ಟರೆ ನಮ್ಮ ಓದು ಕೆಡುತ್ತದೆ ಅನ್ನುವುದು ಅವರ ಕಳವಳ. ಅದು ನಿಜ. "ಈ ಪಾತ್ರದ ಮೂಲಕ ನೀವು ಏನು ಹೇಳಲು ಹೊರಟಿದ್ದೀರಿ?" ಅಂತ ದಯವಿಟ್ಟು ಯಾರೂ ಕೇಳಬೇಡಿ. ಹೇಳಬೇಕಾದ್ದನ್ನು ಅವರು ಆಗಲೇ ಕಥೆಯಲ್ಲಿ ಹೇಳಿದ್ದಾರೆ. ಆದರೆ ಕಥೆ ಹೇಗೆ ಆಯಿತು, ಏನನ್ನು ತೆಗೆದು ಹಾಕಿದರು, ಆ ಊರಿನ ಹೆಸರು ಯಾಕೆ ಬದಲಾಯಿಸಿದರು, ಇವನ್ನು ಕೇಳಿದರೆ ಓದು ಕೆಡುವುದಿಲ್ಲ. ಅಟ್ಟದ ಅಜ್ಜಿಯ ಕಥೆಯನ್ನು ನಾನು ಅವತ್ತು ರಾತ್ರಿಯೇ ಮತ್ತೆ ಓದಿದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತಲ್ಲ, ಆಗ ಕನ್ನಡದ ಲೇಖಕಿಯೊಬ್ಬರ ಸಂದರ್ಶನ ಫೋನ್ ತೆರೆದ ಕಡೆಯೆಲ್ಲ ಕಾಣಿಸಿತು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಹೇಳಲಾರೆ. ಅವುಗಳಲ್ಲಿ ಕೆಲವು ಬರೀ ಪ್ರಶಸ್ತಿ ಬಂದಾಗ ಏನನ್ನಿಸಿತು ಅನ್ನುವಲ್ಲೇ ನಿಂತವು. ಆದರೆ ಅವರ ವಕೀಲಿಕೆ, ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದ ದಿನಗಳು, ಮನೆಯ ಒಳಗಿನ ಹೆಂಗಸರ ಮಾತು ಕಥೆಗೆ ಬಂದ ಬಗೆ, ಇವುಗಳ ಕಡೆ ಮಾತು ತಿರುಗಿದಾಗ ಕೇಳಬೇಕು. ಪ್ರಶಸ್ತಿ ಬಂದ 'ಹಾರ್ಟ್ ಲ್ಯಾಂಪ್' ಪುಸ್ತಕದಲ್ಲಿರುವ 12 ಕಥೆಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಬರೆದವು. ಅಷ್ಟು ವರ್ಷ ಅವರು ಹಾಸನದಲ್ಲೇ ಇದ್ದರು. ನಮ್ಮಿಂದ ಒಂದೇ ದಿನದಲ್ಲಿ ಹೋಗಿ ಬರುವ ದಾರಿ. ಹೋಗಿ ಕೇಳಲು ನಾವು ಲಂಡನ್ನಿಂದ ಸುದ್ದಿ ಬರುವವರೆಗೆ ಕಾಯಬೇಕಿತ್ತಾ?

ಪ್ರಶಸ್ತಿ ಬಂದ ಮೇಲೆ ಮಾತ್ರ ಮೈಕ್ ಹಿಡಿಯುವ ಈ ಅಭ್ಯಾಸ ನನಗೆ ಬಹಳ ನೋವು ಕೊಡುತ್ತದೆ. ಕೋಲಾರ ಜಿಲ್ಲೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರಿಗೆ ಜ್ಞಾನಪೀಠ ಬಂದದ್ದು 1983ರಲ್ಲಿ. ಅವರು ಹುಟ್ಟಿದ್ದು 1891ರಲ್ಲಿ. ಲೆಕ್ಕ ಹಾಕಿ, 92 ವರ್ಷ. ಪ್ರಶಸ್ತಿ ಬರಲಿ ಆಮೇಲೆ ಕೇಳೋಣ ಅಂತ ಯಾರಾದರೂ ಕೂತಿದ್ದರೆ ಅಷ್ಟು ಕಾಲ ಕಾಯಬೇಕಿತ್ತು. ಮಾಸ್ತಿಯವರು 'ಭಾವ' ಅಂತ ಮೂರು ಸಂಪುಟಗಳಲ್ಲಿ ತಮ್ಮ ಬದುಕನ್ನು ತಾವೇ ಬರೆದಿಟ್ಟರು, ನಮ್ಮ ಪುಣ್ಯ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ತಮ್ಮ ಬಗ್ಗೆ ಹಾಗೆ ಬರೆಯಲಿಲ್ಲ. ತಾವು ಕಂಡ ಬೇರೆಯವರ ಬಗ್ಗೆ 'ಜ್ಞಾಪಕ ಚಿತ್ರಶಾಲೆ' ಅಂತ ಎಂಟು ಸಂಪುಟ ಬರೆದರು. ಸಂಗೀತಗಾರರು, ಪಂಡಿತರು, ದಿವಾನರು ಹೇಗೆ ಮಾತಾಡುತ್ತಿದ್ದರು ಅನ್ನುವುದೆಲ್ಲ ಅದರಲ್ಲಿದೆ. ಪತ್ರಿಕೆ ನಡೆಸಿದವರಲ್ವಾ, ಎದುರಿಗಿದ್ದವರ ಮಾತಿಗೆ ಕಿವಿ ಕೊಡುವುದು ಅವರಿಗೆ ಗೊತ್ತಿತ್ತು. ಸಂದರ್ಶನ ಮಾಡುವವರು ಕಲಿಯಬೇಕಾದ್ದು ಆ ಕಿವಿ.

ನಮ್ಮ ಜಿಲ್ಲೆಯ ಕೆ.ಬಿ. ಸಿದ್ದಯ್ಯನವರು 2019ರಲ್ಲಿ ತೀರಿಕೊಂಡರು. ಅವರ 'ಬಕಾಲ', 'ದಕ್ಲಕಥಾದೇವಿ' ಓದಿದವರಿಗೆ ಗೊತ್ತು, ಅವು ಒಂದೇ ಓದಿಗೆ ಕೈಗೆ ಸಿಗುವ ಕಾವ್ಯಗಳಲ್ಲ. ಪ್ರತಿ ಪುಟದಲ್ಲೂ ಕವಿಯನ್ನೇ ಕೇಳಬೇಕು ಅನ್ನಿಸುವ ಜಾಗ ಇದೆ. ಆ ಲಯ ಎಲ್ಲಿಂದ ಬಂತು, ಯಾರ ಬಾಯಲ್ಲಿ ಕೇಳಿದ್ದು, ಜೋರಾಗಿ ಹೇಳಿಕೊಂಡು ಬರೆಯುತ್ತಿದ್ದರಾ, ಮೌನವಾಗಿ ಬರೆಯುತ್ತಿದ್ದರಾ? ಇವನ್ನೆಲ್ಲ ಇನ್ನು ಅವರ ಎದುರು ಕೂತು ಕೇಳಲು ಆಗುವುದಿಲ್ಲ. ಬದುಕಿರುವವರನ್ನಾದರೂ ಕೇಳೋಣ. ಪಾವಗಡ, ಮಧುಗಿರಿ, ಶಿರಾ, ಚಿಕ್ಕನಾಯಕನಹಳ್ಳಿ, ಯಾವ ತಾಲ್ಲೂಕಿಗೆ ಹೋದರೂ ಒಳ್ಳೆಯದನ್ನು ಬರೆದು ಸುಮ್ಮನೆ ಮನೆಯಲ್ಲಿರುವವರು ಇದ್ದಾರೆ. ಬೆಂಗಳೂರಿನ ಕ್ಯಾಮೆರಾ ಅವರ ಬಾಗಿಲಿಗೆ ಬರುವುದಿಲ್ಲ. ಋತುಮಾನ, ಬುಕ್ ಬ್ರಹ್ಮದಂಥವರು ಕನ್ನಡ ಲೇಖಕರ ಮಾತನ್ನು ದಾಖಲಿಸುತ್ತಿದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ಎಲ್ಲವನ್ನೂ ಅವರೇ ಮಾಡಲಿ ಅನ್ನುವುದು ಯಾವ ನ್ಯಾಯ?

ನಾವೇ ಮಾಡಬಹುದು. ನಮ್ಮ ಗುಂಪಿನಲ್ಲಿ ಈಗ ಮಾತಾಡಿಕೊಂಡಿರುವುದು ಇಷ್ಟು. ಒಬ್ಬ ಲೇಖಕರು, ಒಂದು ಪುಸ್ತಕ, ಒಂದು ಗಂಟೆ. ಹಾರ ಇಲ್ಲ, ಅಧ್ಯಕ್ಷತೆ ಇಲ್ಲ. ಹಾರದ ದುಡ್ಡಿಗೆ ಅದೇ ಪುಸ್ತಕದ ಪ್ರತಿಗಳನ್ನು ಕೊಂಡು ಮೊದಲೇ ಹಂಚುವುದು. ಓದಿದವರು ಮಾತ್ರ ಕೇಳುವುದು, ಪುಟದ ನಂಬರ್ ಹೇಳಿ ಕೇಳುವುದು. ಓದದವರು ಬರಬಾರದು ಅಂತಲ್ಲ, ಬಂದು ಕೂತು ಕೇಳಿಸಿಕೊಳ್ಳಲಿ. ಉತ್ತರ ಹೊಳೆಯದಿದ್ದರೆ ಲೇಖಕರು ಸುಮ್ಮನಿರಬಹುದು, ಆಮೇಲೆ ಬರೆದು ಕಳಿಸಬಹುದು. ಬರೆದುಕೊಂಡದ್ದನ್ನು ಅವರಿಗೆ ತೋರಿಸದೆ ಎಲ್ಲೂ ಹಾಕುವುದಿಲ್ಲ.

ನಿಮ್ಮ ಊರಲ್ಲೂ ಹೀಗೆ ಮಾಡುವ ಮನಸ್ಸಿದ್ದರೆ ಹೇಳಿ, ನಾವು ಬರುತ್ತೇವೆ. ದೊಡ್ಡ ಖರ್ಚೇನೂ ಇಲ್ಲ, ಮಾತು ರೆಕಾರ್ಡ್ ಮಾಡಲು ಒಂದು ಫೋನ್ ಸಾಕು. ಅದನ್ನು ಲೇಖಕರ ಹತ್ತಿರ, ಟವೆಲ್ ಹಾಸಿದ ಮೇಜಿನ ಮೇಲಿಡಿ. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ಮಧ್ಯೆಯೇ ಯಾರದಾದರೂ ಕಾಲ್ ಬರುತ್ತದೆ. ಬೇಸಿಗೆಯಾದರೂ ಆ ಒಂದು ಗಂಟೆ ಫ್ಯಾನ್ ಆರಿಸಿ. ವಯಸ್ಸಾದವರು ಮೆಲ್ಲಗೆ ಮಾತಾಡುತ್ತಾರೆ, ಫ್ಯಾನ್ ಓಡುತ್ತಿದ್ದರೆ ರೆಕಾರ್ಡಿಂಗ್‌ನಲ್ಲಿ ಅದರ ಸದ್ದೇ ಕೇಳುತ್ತದೆ.